ಊರು ಮುರಿಯದಂತೆ ಮಲಗಿದವರು

ಒಂದು ಮನೆಯಿಂದ ಮುಂದಿನ ಮನೆಗೆ ಇನ್ನೂರು ಮೀಟರಿಗಿಂತ ಹೆಚ್ಚು ಅಂತರವಿದ್ದಲ್ಲಿ, ಊರು ಅಲ್ಲಿಗೆ ಮುಗಿಯಿತೆಂದು ತಿಳಿಯತಕ್ಕದ್ದು. ಜನಗಣತಿ ಕಚೇರಿಯ ಈ ನಿಯಮವನ್ನು ಬರೆದವರು ಅಲ್ಲಿನ ಸಂಖ್ಯಾಶಾಸ್ತ್ರಜ್ಞರೊಬ್ಬರು. ಇನ್ನೂರೇ ಏಕೆಂದು ಯಾರಾದರೂ ಕೇಳಿಯಾರೆಂಬ ಅಳುಕು ಅವರಿಗಿತ್ತು. ಯಾರೂ ಕೇಳಲಿಲ್ಲವಾದ್ದರಿಂದ ಅದು ವಿಜ್ಞಾನವಾಯಿತು.

ಆ ಸಲದ ಗಣತಿಯಲ್ಲಿ ಅವರ ಪಟ್ಟಣ ನಗರವಾಗಲು ಒಂದಿಷ್ಟು ಜನ ಕಡಿಮೆ ಬಿದ್ದರು. ನಗರವಾಗದಿದ್ದರೆ ಬರಬೇಕಿದ್ದ ಆಸ್ಪತ್ರೆ ಬೇರೆ ಊರಿನ ಪಾಲು. ಬಯಲಿನಾಚೆಯ ಬಡಾವಣೆಯನ್ನು ಸೇರಿಸಿಕೊಂಡರೆ ಸಾಕಿತ್ತು. ಆದರೆ ಬಯಲಿನ ಅಗಲ ಮುನ್ನೂರು ಮೀಟರು.

"ನಡುವೆ ಒಂದು ಮನೆ ಇದ್ದಿದ್ರೆ?" ಎಂದರು ಕಚೇರಿಯ ನಿರ್ದೇಶಕರು.

"ಎರಡೂ ಕಡೆ ಕೂಡ್ಕೊಳ್ತಿತ್ತು ಸಾರ್. ಇಲ್ವಲ್ಲ."

"ಮನೆ ಅಂದ್ರೆ ಏನಂತ ಬರ್ದಿದ್ದೀರಿ?"

"ಚಾವಣಿ, ಬಾಗಿಲು, ಒಳಗೆ ದಿನಾ ಮಲಗೋ ಒಬ್ಬ ಮನುಷ್ಯ."

"ಚಾವಣಿ, ಬಾಗಿಲು ಎರಡೂ ನಮ್ಮ ಉಗ್ರಾಣದಲ್ಲೇ ಇವೆ" ಎಂದು ನಿರ್ದೇಶಕರು ಅವರನ್ನೇ ನೋಡುತ್ತ ಕುಳಿತರು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಲೇ ವಿಷಯ ಕೇಳಿಸಿಕೊಂಡರು. "ಎಲ್ಲಿವರೆಗೆ?"

"ಎಣಿಕೆ ಮುಗಿಯೋವರೆಗೆ."

"ಹೋಗಿ ಬನ್ನಿ. ಅಲ್ಲಿ ನಿಮ್ಮ ಗೊರಕೆಯಿಂದ ಯಾರಿಗೂ ತೊಂದರೆ ಇಲ್ಲ."

ಬಯಲಿನಲ್ಲಿ ತಗಡಿನ ಶೆಡ್ಡು ಎದ್ದಿತು. ಗಣತಿದಾರಳು ಬಂದು ಬಾಗಿಲು ತಟ್ಟಿದಳು.

"ಇಲ್ಲಿ ಯಾರ್ಯಾರಿದ್ದೀರಿ?"

"ನಾನೊಬ್ಬನೇ ಕಣಮ್ಮ."

"ಮದುವೆ ಆಗಿದ್ಯಾ?"

"ಆಗಿದೆ. ಹೆಂಡತಿ ಆ ಕಡೆ ಪಟ್ಟಣದಲ್ಲಿದ್ದಾಳೆ."

ಅವಳು ಕನಿಕರದಿಂದ ನೋಡಿ, 'ಬೇರ್ಪಟ್ಟವರು' ಎಂಬಲ್ಲಿ ಗುರುತು ಹಾಕಿದಳು. ಪ್ರತಿಭಟಿಸಲು ಬಾಯಿ ತೆರೆದ ಸಂಖ್ಯಾಶಾಸ್ತ್ರಜ್ಞರು ಕೊನೆಗೆ ಅವಳು ತೋರಿಸಿದಲ್ಲಿ ಸಹಿ ಹಾಕಿದರು. ಬೇರೆ ಸೂರಿನಡಿ ಮಲಗುವ ದಂಪತಿಯನ್ನು ಹಾಗೆಯೇ ಬರೆಯತಕ್ಕದ್ದೆಂದು ವಿಧಿಸಿದ್ದವರೂ ಅವರೇ.

ಪಟ್ಟಣ ನಗರವಾಯಿತು. ಹಾಸಿಗೆ ಸುತ್ತಿ ಹೊರಟವರನ್ನು ನಿರ್ದೇಶಕರು ಬಾಗಿಲಲ್ಲೇ ತಡೆದರು.

"ನೀವು ಎದ್ದು ಹೋದ್ರೆ ನಗರ ಎರಡು ತುಂಡಾಗುತ್ತೆ. ಆಸ್ಪತ್ರೆಗೆ ಅಡಿಪಾಯ ಹಾಕಿ ಆಗಿದೆ. ರೋಗಿಗಳಿಗೆ ಏನು ಹೇಳೋಣ?"

ಮರುದಿನವೇ ಆದೇಶ ಬಂತು: 'ಸದರಿ ವ್ಯಕ್ತಿಯು ಮುಂದಿನ ಗಣತಿಯವರೆಗೆ ಸದರಿ ಸ್ಥಳದಲ್ಲಿ ಮಲಗತಕ್ಕದ್ದು. ಅನಿವಾರ್ಯ ಸಂದರ್ಭದಲ್ಲಿ ತತ್ಸಮಾನ ವ್ಯಕ್ತಿಯನ್ನು ಮಲಗಿಸಿ ಹೋಗತಕ್ಕದ್ದು.' ತತ್ಸಮಾನ ವ್ಯಕ್ತಿ ಯಾರೂ ಸಿಗಲಿಲ್ಲ. ಇದರಿಂದ ಅವರಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಭಾನುವಾರ ಹೆಂಡತಿ ಬುತ್ತಿ ತಂದರು. ಶೆಡ್ಡಿನ ಕಸ ಗುಡಿಸಿ, ಹೊದಿಕೆ ಕೊಡವಿ ಕುಳಿತರು.

"ನಿಮ್ಮ ಯಜಮಾನರು ಈಗ ಎಲ್ಲಿದ್ದಾರೆ, ಏನ್ಮಾಡ್ತಾರೆ ಅಂತ ಪಕ್ಕದ್ಮನೆಯವರು ಕೇಳಿದ್ರು."

"ಏನಂದೆ?"

"ಊರು ಹಿಡ್ಕೊಂಡು ಮಲಗಿದ್ದಾರೆ ಅಂದೆ."

"ಅದಕ್ಕೆ?"

"ಒಳ್ಳೇ ಕೆಲಸ ಅಂದ್ರು."

ಆ ದಿನದಿಂದ ಸಂಖ್ಯಾಶಾಸ್ತ್ರಜ್ಞರು ಮಗ್ಗುಲು ಬದಲಿಸುವಾಗಲೂ ತಕ್ಕ ಎಚ್ಚರ ವಹಿಸತೊಡಗಿದರು.