ಪಾಲಿಗೆ ಬಿಟ್ಟ ಖೋಲಿ

ಮದುವೆ ಮಾಡುವಾಗ ನಮ್ಮವರು ಎಷ್ಟೆಲ್ಲ ವಿಚಾರಿಸುತ್ತಾರೆ! ಜಾತಕ ಕೂಡಬೇಕು, ಮನೆತನ ಒಪ್ಪಬೇಕು, ಸೋದರಮಾವನ ನಡತೆ ಕೂಡ ಗೊತ್ತಾಗಬೇಕು. ಆದರೆ ಒಂದೇ ಖೋಲಿಯಲ್ಲಿ, ಒಂದೇ ಕೊಡದ ನೀರು ಕುಡಿದು, ನಮ್ಮ ಕಿವಿಯ ಪಕ್ಕದಲ್ಲೇ ಗೊರಕೆ ಹೊಡೆಯಲಿರುವ ಗಂಡಸಿನ ಬಗ್ಗೆ ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ. ಅರ್ಧ ಬಾಡಿಗೆ ಕೊಡುತ್ತಾನೆಂದರೆ ಮುಗಿಯಿತು, ಅವನು ದೇವರಂಥ ಮನುಷ್ಯ. ನಾನೂ ಹಾಗೆಯೇ ತಿಳಿದು ಬೀರಣ್ಣನನ್ನು ಜೊತೆಗೆ ಹಾಕಿಕೊಂಡೆ. ಅವನಲ್ಲಿ ದೋಷವೇನೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿರ್ದೋಷಿಗಳಿಂದ ಆಗುವಷ್ಟು ಕಾಟ ಕಳ್ಳರಿಂದಲೂ ಆಗುವುದಿಲ್ಲ.

ಆಗ ನಾನು, ಕಾಗದಪತ್ರವೆಲ್ಲ ಮರಾಠಿಯಲ್ಲೇ ನಡೆಯುವ ಗಡಿಯೂರು ಜತ್ತದ ಒಂದು ಕಚೇರಿಯಲ್ಲಿ ಗುಮಾಸ್ತ. ಊರಲ್ಲಿ ಟ್ರಾನ್ಸಿಸ್ಟರ್ ಇದ್ದವನು ದೊಡ್ಡ ಮನುಷ್ಯ ಎನಿಸಿಕೊಳ್ಳುತ್ತಿದ್ದ ಕಾಲ ಅದು. ಬೀರಣ್ಣ ಮಾಡಗ್ಯಾಳದ ಕುರುಬರ ಹುಡುಗ, ಮ್ಯಾಟ್ರಿಕ್ ಮುಗಿಸಿ ಹೊಸದಾಗಿ ನನ್ನ ಪಕ್ಕದ ಮೇಜಿಗೆ ಬಂದಿದ್ದ. ಕಿರಾಣಿ ಅಂಗಡಿಯ ಗುರುಲಿಂಗಪ್ಪ ಸಾವಕಾರರ ಹಿತ್ತಲಿನ ಖೋಲಿಯನ್ನು ಇಬ್ಬರೂ ಕೂಡಿ ಹನ್ನೊಂದು ತಿಂಗಳ ಕರಾರಿಗೆ ಹಿಡಿದೆವು. ಗುಮಾಸ್ತರಿಗೆಲ್ಲ ಒಂದು ರೋಗ ಉಂಟು: ತಾವು ವಕೀಲರಾಗಬೇಕಿತ್ತು, ದಾರಿ ತಪ್ಪಿ ಗುಮಾಸ್ತರಾದೆವು ಎಂಬ ಭ್ರಮೆ. ಬರೆಯುವವನಿಗೆ ದುಡ್ಡು ಯಾಕೆ ಕೊಡಬೇಕೆಂದು ಕರಾರುಪತ್ರವನ್ನು ನಾನೇ ಬರೆದೆ. ಭರ್ಜರಿ ಮರಾಠಿಯಲ್ಲಿ, ‘ಇಬ್ಬರೂ ಕೂಡಿಯೂ, ಒಬ್ಬೊಬ್ಬರಾಗಿಯೂ ಪೂರ್ತಿ ಬಾಡಿಗೆಗೆ ಹೊಣೆ’ ಎಂದು ಒಂದು ಕಲಮು ಸೇರಿಸಿದೆ. ನನಗೆ ಬೇರೆ ಊರಿಗೆ ಬದಲಿಯಾದರೆ ಸಾವಕಾರರು ನನ್ನ ಬೆನ್ನು ಹತ್ತುವ ಬದಲು ಕೈಗೆ ಸಿಕ್ಕ ಬೀರಣ್ಣನನ್ನು ಹಿಡಿಯಲಿ ಎಂಬ ದೂರದೃಷ್ಟಿ ನನ್ನದು. ಬೀರಣ್ಣ ಓದದೆ ಸಹಿ ಹಾಕಿದ. ಸಾವಕಾರರು ಎರಡು ಸಲ ಓದಿ ನನಗೆ ಚಹಾ ತರಿಸಿದರು. ಆಗಲೇ ನನಗೆ ಸಂಶಯ ಬರಬೇಕಿತ್ತು, ಅವರು ಯಾರಿಗೂ ಪುಕ್ಕಟೆ ಚಹಾ ಕುಡಿಸಿದವರಲ್ಲ.

ನನಗೆ ಬದಲಿ ಬರಲಿಲ್ಲ. ಬೀರಣ್ಣನೇ ಒಂದು ಸಂಜೆ ಗಂಟು ಕಟ್ಟಿದ.

“ಅಣ್ಣಾರ, ಕುರ್ಚಿ ಮ್ಯಾಲ ಕುಂತು ಕುಂತು ಕಾಲು ಜೋಮು ಹಿಡದಾವ. ಅಪ್ಪಗ ಕುರಿ ಹಿಂದ ಅಡ್ಡಾಡೂದು ಆಗವಲ್ದು. ನೌಕರಿ ಬಿಟ್ಟು ಊರಿಗೆ ಹೊಂಟೀನಿ. ಖೋಲ್ಯಾಗಿನ ನನ್ನ ಅರ್ಧಾ ನಿಮಗ ಪಾಲಿಗೆ ಬಿಟ್ಟೀನಿ, ಚಂದಾಗಿ ನೋಡ್ಕೊಳ್ರಿ.”

ನಾನು “ಆತು, ಹೋಗಿ ಬಾ” ಎಂದೆ. ವಿದಾಯದ ಸಮಯದಲ್ಲಿ ಪ್ರತಿ ಶಬ್ದದ ಅರ್ಥ ಕೇಳುವುದು ಸಭ್ಯರ ಲಕ್ಷಣವಲ್ಲ.

ತಿಂಗಳು ತುಂಬಿದಾಗ ನಾನು ಅರ್ಧ ಬಾಡಿಗೆ ಹಿಡಿದು ಅಂಗಡಿಗೆ ಹೋದೆ. ಸಾವಕಾರರು ನಕ್ಕರು. “ಬೀರಣ್ಣ ಹ್ವಾದ್ರ ಹೋಗ್ಲಿ ಬಿಡ್ರಿ, ನೀವು ಅದೀರಲ್ಲ. ಒಬ್ಬೊಬ್ಬರೂ ಪೂರ್ತಿ ಹೊಣಿ ಅಂತ ನೀವ ಬರದೀರಿ. ನನಗ ಇಷ್ಟು ಚಲೋ ಹೊಳೀತಿದ್ದಿಲ್ಲ ನೋಡ್ರಿ.”

ಕಾಗದ ಹಿಡಿದು ವಕೀಲರ ಕಡೆ ಓಡಿದೆ. ಅವರು ಕನ್ನಡಕ ಏರಿಸಿ ಓದಿ ತಲೆದೂಗಿದರು. “ಯಾರು ಬರದಾರ್ರಿ ಇದನ್ನ? ಬರದಾಂವ ಭಾಳ ಪಕ್ಕಾ ಬರದಾನ!” ನಾನು ಹೆಮ್ಮೆಪಡಬೇಕೋ ಅಳಬೇಕೋ ತಿಳಿಯದೆ ನೆಲ ನೋಡಿದೆ. “ಸಾವಕಾರಗ ನೀವ ಪೂರ್ತಿ ತುಂಬ್ರಿ. ಆಮ್ಯಾಲ ಬೀರಣ್ಣನ ಅರ್ಧಾ ವಸೂಲಿಗೆ ಅವನ ಮ್ಯಾಲ ದಾವಾ ಹಾಕ್ರಿ. ಆದ್ರ ಒಂದು ಮಾತು, ಅಂವಾ ಬರದು ಬಿಟ್ಟುಕೊಡೂತನಕಾ ಖೋಲ್ಯಾಗ ಅವನ ಹಕ್ಕು ಇದ್ದ ಇರ್ತದ.” ದಾವೆಯ ಖರ್ಚು ಕೇಳಿದ ಮೇಲೆ ಬೀರಣ್ಣನ ಬಾಡಿಗೆ ನನಗೆ ಬಹಳ ಸೋವಿಯಾಗಿ ಕಂಡಿತು.

ಹಕ್ಕು ಇದ್ದೇ ಇದೆ ಎಂಬುದನ್ನು ಬೀರಣ್ಣನಿಗೆ ಯಾವ ವಕೀಲನೂ ಹೇಳಬೇಕಾಗಿರಲಿಲ್ಲ. ಪ್ರತಿ ವಾರ ಬಾಜಾರದ, ಅಂದರೆ ಸಂತೆಯ, ಹಿಂದಿನ ದಿನವೇ ಅವನ ಕಾಕಂದಿರು, ಮಾವಂದಿರು ಕಂಬಳಿ ಹೊತ್ತು ಬಂದಿಳಿಯುತ್ತಿದ್ದರು. ಖೋಲಿಯ ನಡುವೆ ಗೆರೆ ಎಳೆದವರಂತೆ ತಮ್ಮ ಅರ್ಧದಲ್ಲಷ್ಟೇ ಮಲಗುತ್ತಿದ್ದರು, ಅಷ್ಟು ನ್ಯಾಯವಂತರು. ಮಾರಲು ತಂದ ಟಗರನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದರು. ಆ ಟಗರಿಗೆ ಗಿಣಿಯ ಕೊಕ್ಕಿನಂಥ ಡೊಂಕು ಮೂಗು. ಅದು ಆ ಮೂಗನ್ನು ಒಳಗೆ ತೂರಿಸಿ, ನಮ್ಮ ಮೇಲಧಿಕಾರಿ ನೋಡುವ ಹಾಗೆಯೇ ನನ್ನನ್ನು ನೋಡುತ್ತಿತ್ತು.

ಇದನ್ನೂ ಸಹಿಸುತ್ತಿದ್ದೆನೇನೋ. ಆದರೆ ನನಗೆ ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ಶಾಂತವ್ವ ಸೊರಡಿಯ ತವರಿನಲ್ಲಿದ್ದಳು. ಮಗಳನ್ನು ಕಳಿಸುವ ಮೊದಲು ಮನೆ ನೋಡುತ್ತೇನೆಂದು ಮಾವನವರು ಬಂದದ್ದು ಸರಿಯಾಗಿ ಬಾಜಾರದ ದಿನ, ನಸುಕಿನ ಬಸ್ಸಿಗೆ. ಒಳಗೆ ಮೂವರು ಗಂಡಸರ ಗೊರಕೆ, ಕಿಟಕಿಯಲ್ಲಿ ಟಗರು. ಮಾವನವರು ಚಪ್ಪಲಿ ಕೂಡ ಕಳಚಲಿಲ್ಲ. “ಖೋಲಿ ಪೂರಾ ನಿಮ್ಮದಾದ ದಿನಾ ಹೇಳಿ ಕಳಸ್ರಿ, ಮಗಳನ್ನ ಕರಕೊಂಡು ಬರ್ತೀನಿ” ಎಂದು ಹಾಗೆಯೇ ಬಸ್ಸು ಹತ್ತಿದರು. ಅಂದು ನನಗೆ ನಿಜವಾಗಿಯೂ ಅಳು ಬಂತು. ಪೂರ್ತಿ ಬಾಡಿಗೆ ಕೊಡುವ ಗಂಡನಿಗೆ ಅರ್ಧ ಖೋಲಿ, ಹೆಂಡತಿ ಮಾತ್ರ ಪೂರ್ತಿ ಸೊರಡಿಯಲ್ಲಿ.

ಮುಂದಿನ ಬಾಜಾರಕ್ಕೆ ಕಾಕಂದಿರ ಜೊತೆ ಬೀರಣ್ಣನೂ ಬಂದ. ನಾನು ಅವನ ಮೇಲೆ ಹರಿಹಾಯ್ದೆ. “ಬಾಡಿಗಿ ಕೊಡಾಂವ ನಾನು, ಮಲಗಾವ್ರು ನಿಮ್ಮ ಮಂದಿ! ಇದ್ಯಾವ ನ್ಯಾಯಾನೋ?”

ಅವನಿಗೆ ಆಶ್ಚರ್ಯವೇ ಆಯಿತು. “ಪಾಲಿಗೆ ಬಿಟ್ಟ ಕುರಿಗೆ ಮೇವು ಯಾರು ಹಾಕ್ತಾರ್ರಿ ಅಣ್ಣಾರ? ಸಾಕಾಂವಾ. ಬಾಡಿಗಿ ಅಂದ್ರ ಖೋಲಿ ಮೇವು. ಈದ ಮ್ಯಾಲ ಮರಿ ಇಬ್ಬರೂ ಹಂಚಿಕೊಳ್ಳೂದು. ಬಿಡೂಮುಂದ ನೀವು ಆತು ಅಂದೀರಿ.”

“ಹಂಗಾದ್ರ ಪಾಲು ಒಡಿ!”

“ಈಯದ ಕುರಿ ಪಾಲು ಹೆಂಗ ಒಡೀಲಿ?”

ನನಗೆ ತಲೆ ಕೆಟ್ಟಿತು. “ಇಲ್ಲೆ ನಿಮ್ಮ ಕಾಕಾ ಮಲಗಿದ್ರ ನನ್ನ ಹೇಣ್ತಿ ಬರೂದಿಲ್ಲ. ಹೇಣ್ತಿ ಬರದ ಈ ಖೋಲ್ಯಾಗ ಯಾವ ಮರಿ ಹುಟ್ಟತೈತೋ, ಮಾರಾಯಾ!”

ಬೀರಣ್ಣ ಕ್ಷಣಹೊತ್ತು ಯೋಚಿಸಿದ. ಮುಖ ಅರಳಿತು. “ಇದನ್ನ ಮೊದಲ ಹೇಳಬಾರದೇನ್ರಿ?” ಎಂದವನೇ ಕಾಕಂದಿರನ್ನು ಎಬ್ಬಿಸಿ ಹೊರಗೆ ಹಾಕಿದ, ಟಗರು ಬಿಚ್ಚಿದ. ನಾನು ಅವಸರದಿಂದ ಹಕ್ಕು ಬಿಟ್ಟ ಕಾಗದ ಬರೆದೆ, ಮತ್ತೆ ಅದೇ ಭರ್ಜರಿ ಮರಾಠಿಯಲ್ಲಿ: ‘ಸದರಿ ಖೋಲಿಯ ಮೇಲೆ ನನ್ನ ಯಾವ ಹಕ್ಕೂ ಉಳಿದಿಲ್ಲ’. ಈ ಸಲ ಅವನು ಒಂದೊಂದೇ ಅಕ್ಷರ ಓದಿ ಸಹಿ ಮಾಡಿದ. ಅಷ್ಟಕ್ಕೇ ಬಿಡದೆ ಸೊರಡಿಗೆ ತಾನೇ ಹೋಗಿ ಮಾವನವರನ್ನು ಒಪ್ಪಿಸಿದ. ಹಿಂದಿನ ಬಾಡಿಗೆ ಕೇಳುವ ಧೈರ್ಯ ನನಗೆ ಉಳಿಯಲಿಲ್ಲ. ಮೇವಿನ ಲೆಕ್ಕ ಎತ್ತಿದರೆ ಮತ್ತೆ ಪಾಲು ನೆನಪಾದೀತೆಂಬ ಹೆದರಿಕೆ.

ಶಾಂತವ್ವ ಬಂದಳು. ಮುಂದಿನ ವರ್ಷ ಅದೇ ಖೋಲಿಯಲ್ಲಿ ತೊಟ್ಟಿಲು ಕಟ್ಟಿದೆವು. ಬೀರಣ್ಣ ಮಗುವಿಗೆಂದು ಸಣ್ಣದೊಂದು ಮೆತ್ತನೆಯ ಕಂಬಳಿ ನೇಯಿಸಿಕೊಂಡು ಬಂದ. ತೊಟ್ಟಿಲೊಳಗೆ ಬಗ್ಗಿ ಬಹಳ ಹೊತ್ತು, ಕುರಿಮರಿಯ ಹಲ್ಲು ನೋಡುವವರ ಗಾಂಭೀರ್ಯದಿಂದ ನೋಡಿದ.

“ಮೊದಲನೇದು ಸಾಕಿದಾಂವಂದು. ಇದರ ಮ್ಯಾಲ ನಂದೇನ ತಕರಾರಿಲ್ಲ, ಅಣ್ಣಾರ. ಎರಡನೇದು ಆದಾಗ ಹೇಳಿ ಕಳಸ್ರಿ.”

ಒಳಗೆ ಶಾಂತವ್ವ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. “ಹಕ್ಕು ಬಿಟ್ಟ ಕಾಗದಾ ಮಾಡಿಕೊಟ್ಟೀಯಲ್ಲೋ!”

“ಖೋಲಿ ಬಿಟ್ಟೀನ್ರಿ. ಮರಿ ಬಿಟ್ಟೀನಂತ ಎಲ್ಲೈತಿ? ನೀವ ಬರದದ್ದು, ತಗದು ನೋಡ್ರಿ.”

ಹುಡುಗಾಟವೆಂದು ಅವನನ್ನು ಬೆನ್ನು ತಟ್ಟಿ ಕಳಿಸಿದೆ. ಅವನ ಬಸ್ಸು ಹೋದದ್ದು ಖಾತ್ರಿಯಾದ ಮೇಲೆ ಬಾಗಿಲು ಹಾಕಿಕೊಂಡು, ಟ್ರಂಕಿನಿಂದ ಕಾಗದ ತೆಗೆದು ಮೊದಲಿನಿಂದ ಕೊನೆಯತನಕ ಓದಿದೆ. ಬರೆದವನು ಭಾಳ ಪಕ್ಕಾ ಬರೆದಿದ್ದ.