ಒಂದು ಹನಿಯ ಷರತ್ತು

ಹಳೆಯ ಮನೆಗೆ ಒಮ್ಮೆ ಕೈ ಹಚ್ಚಿ ನೋಡಿ, ಇಂಥ ಸುದ್ದಿಗಳು ತಾವಾಗಿಯೇ ಹುಟ್ಟುತ್ತವೆ. ನಾನು ಬರೆಯುತ್ತಿರುವುದು ಇದೇ ಮೊದಲು, ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ತೊಂಬತ್ತರ ದಶಕ. ನಾನು ಕಲಬುರಗಿಯಲ್ಲಿ ಮಾಸ್ತರ. ನಮ್ಮ ಮನೆ ಕಮಲಾಪುರದಲ್ಲಿ. ಮನೆಯ ಮೇಲೆ ಮಾಳಿಗೆ. ಮಾಳಿಗೆ ಅಂದರೆ ಕಟ್ಟಿಗೆಯ ತೊಲೆ, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಸುಣ್ಣದ ಗಚ್ಚು. ಅದು ಸೋರುತ್ತಿತ್ತು. ಯಾವಾಗಲೂ ಅಲ್ಲ, ಮಳೆ ಬಂದಾಗ.

ಕಾಕಾ, ಅಂದರೆ ಅಪ್ಪನ ತಮ್ಮ, ಎಲ್ಲ ಕೆಡವಿ ಸ್ಲ್ಯಾಬ್ ಹಾಕೋಣ ಅಂದರು. ಅವ್ವ "ನಾ ಸೊಸಿಯಾಗಿ ಹೊಕ್ಕ ಮನಿ ಹಂಗೇ ಇರ್ಲಿ" ಅಂದಳು. ರಿಪೇರಿ ನಾನು ಮಾಡಿಸ್ತೀನಿ ಅಂತ ನಾನು ನಡುವೆ ಬಾಯಿ ಹಾಕಿದೆ. ಕಾಕಾ ಷರತ್ತು ಹಾಕಿದರು:

"ಮೊದಲ್ನೇ ಮಳಿಗೆ ಒಂದು ಹನಿ ಬಿತ್ತಂದ್ರ ನಾ ಕೆಡವತೀನಿ. ಆಮ್ಯಾಲ ಯಾರೂ ಮಾತಾಡಂಗಿಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಹಿತ್ತಲಲ್ಲಿ ತಮಗಾಗಿ ಒಂದು ಸ್ಲ್ಯಾಬಿನ ಖೋಲಿ, ಅಂದರೆ ಕೋಣೆ, ನಿಂತು ಕಟ್ಟಿಸಿಕೊಂಡರು.

೧. ಎರಡು ಬುಟ್ಟಿ

ಗಚ್ಚು ಹಾಕಬಲ್ಲವರು ಆಗಲೇ ಕಡಿಮೆ. ಕಲಬುರಗಿ ಕೋಟೆಯ ಕಡೆಯಿಂದ ಒಬ್ಬ ಮುದುಕ ಗೌಂಡಿಯನ್ನು ಹುಡುಕಿ ತಂದೆ. ಎಲ್ಲರೂ ಅವರಿಗೆ ಚಾಚಾ ಅನ್ನುತ್ತಿದ್ದರು, ನಾವೂ ಅಂದೆವು. ಚಾಚಾ ಮಾಳಿಗೆ ಹತ್ತಿ ಇಳಿದು ಯಾದಿ ಹೇಳಿದರು: "ಸುಣ್ಣ, ಉಸುಕು, ಬೆಲ್ಲ, ಮೆಂತ್ಯ. ಮತ್ತ ತತ್ತಿ, ಎರಡು ಬುಟ್ಟಿ."

ನಮ್ಮದು ವೈಷ್ಣವರ ಮನೆ. ಅಂದರೆ ಮೊಟ್ಟೆಯ ಮಾತಿರಲಿ, ಉಳ್ಳಾಗಡ್ಡಿಯೂ ಹೊಸ್ತಿಲು ದಾಟಿದ್ದಿಲ್ಲ. ಕಾಕಾ ಜಪದ ಮಣಿ ಕೆಳಗಿಟ್ಟರು.

"ದೇವರ ಮನಿ ಮ್ಯಾಲ ತತ್ತಿ?"

"ಗಚ್ಚು ಪಕ್ಕಾ ಆಗ್ತದ ಸಾಹೇಬ್. ಹಿಂದಕ್ಕೂ ಹಾಕ್ಯಾರ."

"ಯಾರು ಹಾಕ್ಯಾರ?"

"ನಮ್ಮ ದಾದಾ, ಅಪ್ಪನ ಅಪ್ಪ. ಈ ಮಾಳಿಗಿ ಅವರದೇ ಕೆಲಸ. ಹಾಕ್ಸಿದವರು ನಿಮ್ಮ ಅಜ್ಜ."

ಕಾಕಾ ನಿಧಾನ ತಲೆ ಎತ್ತಿ ಮೇಲೆ ನೋಡಿದರು. ಹುಟ್ಟಿದಾಗಿನಿಂದ ಅದರ ಕೆಳಗೇ ಊಟ, ಅದರ ಕೆಳಗೇ ಪೂಜೆ. ಅವ್ವ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಕೊನೆಗೆ ತತ್ತಿ ಬಿಟ್ಟು ಬೆಲ್ಲ ಹೆಚ್ಚಿಗೆ ಹಾಕುವುದೆಂದು ತೀರ್ಮಾನವಾಯಿತು. ಆ ವಾರ ಕಮಲಾಪುರದ ಇರುವೆಗಳೆಲ್ಲ ನಮ್ಮ ಮಾಳಿಗೆಯ ಮೇಲೆ. "ಬರ್ಲಿ ಬಿಡು" ಅಂದರು ಕಾಕಾ, "ಇರುವಿ ಶಾಕಾಹಾರಿ."

೨. ಅವ್ವನ ನಂಬರು

ಪಡಸಾಲೆಯ ಹಾಸುಗಲ್ಲು ಶಹಾಬಾದದವು, ಒಂದರ ಅಳತೆ ಇನ್ನೊಂದಕ್ಕಿಲ್ಲ. ಕೆಳಗೆ ಹೆಗ್ಗಣ ಬಿಲ ತೋಡಿದ್ದರಿಂದ ಎಲ್ಲ ಎತ್ತಿ ಮತ್ತೆ ಕೂಡಿಸಬೇಕಿತ್ತು. ನಾನು ಮಾಸ್ತರ, ಒಂದೊಂದು ಕಲ್ಲಿಗೂ ಸೀಮೆಸುಣ್ಣದಿಂದ ನಂಬರು ಬರೆದು, ಅಂಗಳದಲ್ಲಿ, ಪಕ್ಕದವರೂ ನೀರು ಸೇದುವ ಬಾವಿಯ ಹತ್ತಿರ ಇಡಿಸಿ ಕಲಬುರಗಿಗೆ ಹೋದೆ. ಮುಂದಿನ ಭಾನುವಾರ ಬಂದು ನೋಡಿದರೆ ಕಲ್ಲುಗಳು ಥಳಥಳ ಹೊಳೆಯುತ್ತಿದ್ದವು.

"ಯಾರೋ ಗೀಚಿಟ್ಟಿದ್ರು. ತಿಕ್ಕಿ ತೊಳದೀನಿ" ಅಂದಳು ಅವ್ವ.

"ಅವ್ವಾ, ಅವು ನಂಬರು."

"ನಮ್ಮನಿ ಕಲ್ಲಿಗೆ ನಂಬರ್ ಯಾಕಪಾ?"

ಆಳುಗಳ ಮುಂದೆ ಮಣೆ ಹಾಕಿಕೊಂಡು ಕುಳಿತಳು. "ಇದು ರುಬ್ಬೂ ಒಳ್ಳಿನ ಮಗ್ಗುಲಿಂದು. ಇದ್ರ ಮ್ಯಾಲ ನೀ ಎಣ್ಣಿ ಚೆಲ್ಲಿದ್ದಿ. ಇದ್ರ ಮ್ಯಾಲ ನಿಮ್ಮ ಕಾಕಾ ಜಾರಿ ಬಿದ್ದಿದ್ರು, ಬಾಗಿಲ ಹತ್ರ ಹಾಕ್ರಿ."

ಸಂಜೆಯೊಳಗೆ ಎಲ್ಲ ಕಲ್ಲು ಸಂದಿಲ್ಲದಂತೆ ಕೂತವು. ಒಂದು ಮಾತ್ರ ಉಳಿಯಿತು. ಅವ್ವ ಅದನ್ನು ಎರಡೂ ಕಡೆ ತಿರುವಿ ನೋಡಿದಳು. "ಇದು ನಮ್ಮನಿದಲ್ಲ."

ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೂಗಿದರು: "ಅಕ್ಕಾರ, ನಮ್ಮ ಬಟ್ಟಿ ಒಗಿಯೂ ಕಲ್ಲು ನೋಡೀರೇನ್ರಿ?"

"ನೋಡೀನ್ರಿ" ಅಂದಳು ಅವ್ವ. "ತೊಳದೂ ಇಟ್ಟೀನಿ."

೩. ಮೊದಲ ಮಳೆ

ಮಳೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ತಮ್ಮ ಕೆಲಸ ನೋಡಲು ಚಾಚಾ ಬೆಳಗಿನ ಬಸ್ಸಿಗೇ ಬಂದು ಕೂತಿದ್ದರು. ಅವ್ವ ರೂಢಿಯಂತೆ ಹಿಂದೆ ಸೋರುತ್ತಿದ್ದ ಏಳು ಕಡೆ ಏಳು ಪಾತ್ರೆ ಇಟ್ಟಳು. ಕಾಕಾ ಪಡಸಾಲೆಯ ನಡುವೆ ಕುರ್ಚಿ ಹಾಕಿಕೊಂಡು ತೊಲೆಗಳನ್ನೇ ನೋಡುತ್ತ ಕೂತರು. ಅರ್ಧ ಗಂಟೆ ಸುರಿಯಿತು. ಹನಿ ಇಲ್ಲ. ಕಾಕಾ ಎದ್ದು, ಮಲಗುತ್ತೇನೆಂದು ತಮ್ಮ ಖೋಲಿಗೆ ಹೋದರು.

ನಾವು ಮೂವರೂ ಮುಂಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಮಳೆ ನೋಡಿ ಬಂದೆವು. ಇನ್ನೂ ಬರುತ್ತಿತ್ತು. ಅವ್ವ ಪಾತ್ರೆ ಎತ್ತಿದಳು. ಎಲ್ಲವೂ ಒಣ ಒಣ. ಆದರೆ ಇದ್ದದ್ದು ಆರು.

"ಹಾಲಿನ ಬೋಗಾಣಿ ಎಲ್ಲದ?"

ಎಲ್ಲ ಕಡೆ ಹುಡುಕಿ ಕೊನೆಗೆ ಹಿತ್ತಲಿಗೆ ಹೋದೆವು. ಸ್ಲ್ಯಾಬಿನ ಖೋಲಿಯ ಬಾಗಿಲು ದೂಡಿದರೆ, ಕಾಕಾ ಕಾಲು ಮೇಲಕ್ಕೆಳೆದುಕೊಂಡು ಮಂಚದ ಮೂಲೆಯಲ್ಲಿ ಕೂತಿದ್ದಾರೆ. ಮಂಚದ ನಟ್ಟನಡುವೆ ಬೋಗಾಣಿ, ಅರ್ಧ ತುಂಬಿದೆ. ಟಪ್, ಟಪ್.

"ಹೊಸಾ ಖೋಲಿ" ಅಂದರು ಕಾಕಾ. "ಇನ್ನೂ ಗಟ್ಟಿ ಆಗಿ ಕೂಡಬೇಕದು."

"ಒಂದು ಹನಿ ಅಂದಿದ್ರಿ" ಅಂದಳು ಅವ್ವ. "ಯಾವಾಗ ಕೆಡವೂದು?"

ಕಾಕಾ ಚಾಚಾರನ್ನು ಹತ್ತಿರ ಕರೆದರು. "ಇದಕ್ಕೂ ಗಚ್ಚು ಹಾಕಬಹುದೇನು?"

ಚಾಚಾ ಮೇಲೆ ನೋಡಿದರು, ಬೋಗಾಣಿ ನೋಡಿದರು, ಗಡ್ಡ ನೀವಿಕೊಂಡರು. "ಹಾಕಬಹುದು ಸಾಹೇಬ್. ಆದ್ರ ಸಿಮೆಂಟಿನ ಮ್ಯಾಲ ಬರೇ ಬೆಲ್ಲ ಹಿಡಿಯಂಗಿಲ್ಲ."

ಕಾಕಾ ಒಮ್ಮೆ ದೇವರ ಮನೆಯ ಕಡೆ ನೋಡಿದರು, ಒಮ್ಮೆ ಅವ್ವನ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಎಷ್ಟು ಬುಟ್ಟಿ?"