ಎರಡು ತಲೆಯ ಕಣ, ಒಂದೇ ಖುರ್ಚಿ

ತಾನಾಗಿಯೇ ಆಗುವ ಕೆಲಸವನ್ನು ಹಿಡಿದುಕೊಂಡವರು ಈ ಲೋಕದಲ್ಲಿ ಸುಖವಾಗಿರುತ್ತಾರೆ. ಆಗಲೊಲ್ಲದ್ದನ್ನು ಆಗಿಸುತ್ತೇನೆಂದು ಹೊರಟವನ ಗತಿ ಏನೆಂದು ತಿಳಿಯಬೇಕಾದರೆ, ಚಿಕ್ಕೋಡಿಯಿಂದ ರಾಯಬಾಗಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತ ನನ್ನನ್ನು ನೋಡಿದರೆ ಸಾಕು. ರಾಯಬಾಗದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿಯನ್ನು ಮನೆಯಲ್ಲಾದರೆ ಚಹಾ ಕೊಟ್ಟು ಕೂರಿಸುತ್ತಾರೆ. ಕಾಲೇಜಿನಲ್ಲಿ ಪ್ರತಿ ವರ್ಷ ಎಬ್ಬಿಸಿ ನಿಲ್ಲಿಸಿ, ಈ ಸಲ ಬೇಕೋ ಬೇಡವೋ ಎಂದು ಯೋಚಿಸುತ್ತಾರೆ. ಕಾಯಂ ಆಗಬೇಕಾದರೆ ಪಿಎಚ್.ಡಿ. ಮಾಡಿ ಎಂದರು. ಮಾಡಲು ನಾನು ಆರಿಸಿಕೊಂಡ ವಿಷಯ, ದುಂಡಗಿಲ್ಲದ ಪಾಲಿಮರ್ ಕಣಗಳ ತಯಾರಿ.

ದುಂಡು ಕಣ ಮಾಡುವುದು ಕಷ್ಟವಲ್ಲ. ಸ್ಟೈರೀನ್ ಎಂಬ ಘಾಟು ದ್ರವವನ್ನು ಸಾಬೂನಿನಂಥದ್ದು ಬೆರೆಸಿದ ನೀರಿನಲ್ಲಿ ಕಲಕುತ್ತ, ತಕ್ಕ ಮದ್ದು ಹಾಕಿ ಬಿಸಿ ಮಾಡಿದರೆ, ಅದರ ಅಣುಗಳು ಒಂದರ ಕೈ ಒಂದು ಹಿಡಿದು ಉದ್ದನೆಯ ಸರಪಳಿಗಳಾಗುತ್ತವೆ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಹಾಲಿನ ತುಂಬ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಗುಂಡುಗಳು. ಆದರೆ ನೀರಿನೊಳಗಿನ ಹನಿಗೆ ದುಂಡಗಾಗುವುದೊಂದೇ ಗೊತ್ತು. ಹೊರಮೈ ಆದಷ್ಟು ಕಡಿಮೆಯಿರಲಿ ಎಂಬ ಜಿಪುಣತನ ಅದಕ್ಕೆ. ನನಗೆ ಬೇಕಾಗಿದ್ದದ್ದು ಎರಡು ತಲೆಯ ಕಣ. ಎರಡು ತಲೆಗೆ ಎರಡು ಗುಣ ಕೊಟ್ಟರೆ, ಒಂದು ಎಣ್ಣೆಯ ಕಡೆ, ಇನ್ನೊಂದು ನೀರಿನ ಕಡೆ ಮುಖ ಮಾಡಿ ನಿಂತು, ಕೂಡಲಾರದ ಎರಡನ್ನು ಕೂಡಿಸಿ ಇಡುತ್ತದೆ. ಮದುವೆ ದಲ್ಲಾಳಿಯಂಥ ಕಣ ಅನ್ನಿ.

ನನ್ನ ಹೆಂಡತಿ ಸುವರ್ಣಾ ಕಾಗವಾಡದವಳು. ಸಿಟ್ಟು ಬಂದರೆ ಕನ್ನಡದಲ್ಲಿ ಬೈಯುತ್ತಾಳೆ, ವಿಪರೀತ ಸಿಟ್ಟು ಬಂದರೆ ಮರಾಠಿಯಲ್ಲಿ. ನಾನು ಇದನ್ನೆಲ್ಲ ವಿವರಿಸಿದಾಗ ಅವಳು, "ಚಂದಾಗಿ ದುಂಡಗ ಇದ್ದದ್ದನ್ನ ಸೊಟ್ಟ-ವಾಕಡಾ ಮಾಡಿದ್ರ ಡಾಕ್ಟರ್ ಅಂತಾರೇನ್ರಿ? ಮೊದಲ ಆ ಅಂಗಿ ಹೊರಗ ಹಾಕ್ರಿ, ಪ್ಲಾಸ್ಟಿಕ್ ಸುಟ್ಟಂಗ ನಾರಾಕತ್ತೈತಿ" ಎಂದಳು. ನನ್ನ ಕಷ್ಟವನ್ನು ಕಿವಿಗೊಟ್ಟು ಕೇಳಿದವರು ಮಾವ. ಅವರದು ದ್ರಾಕ್ಷಿ ತೋಟ. "ಅಳಿಯಾರ, ಉದ್ದನ್ನ ಮಣಿಗೇ ಬಜಾರದಾಗ ಕಿಮ್ಮತ್ತು. ಅದಕ್ಕಂತ ನಾವು ಗೊನಿ ಔಷಧದಾಗ ಅದ್ದತೇವಿ. ನೀವೂ ಏನರ ಅದ್ದಿ ನೋಡ್ರಲ್ಲಾ" ಎಂದರು. ಅದ್ದಿ, ಕುದಿಸಿ, ಜಗ್ಗಿ ಎಲ್ಲ ನೋಡಿದ್ದೆ. ದೂರದ ವಿಶ್ವವಿದ್ಯಾಲಯದ ಸೂಕ್ಷ್ಮದರ್ಶಕದಿಂದ ಬರುತ್ತಿದ್ದ ಚಿತ್ರಗಳಲ್ಲಿ ಮಾತ್ರ ಅವೇ ಗುಂಡುಗಳು, ಸಾಲಾಗಿ, ನನ್ನನ್ನು ನೋಡಿ ನಗುವಂತೆ. ಒಮ್ಮೆ ನಡುವೆ ಕರೆಂಟು ಹೋಗಿ ಕಲಕುವ ಯಂತ್ರ ನಿಂತಿತು. ಫ್ಲಾಸ್ಕಿನೊಳಗೆ ಎಲ್ಲವೂ ಕಲ್ಲಿನಂಥ ಒಂದೇ ಗಡ್ಡೆಯಾಯಿತು. ಇದಾದರೂ ದುಂಡಗಿರಲಿಕ್ಕಿಲ್ಲ ಎಂದು ಫ್ಲಾಸ್ಕು ಒಡೆದು ನೋಡಿದೆ. ಫ್ಲಾಸ್ಕಿನ ಹೊಟ್ಟೆ ದುಂಡಗಿತ್ತಲ್ಲ, ಗಡ್ಡೆಯೂ ದುಂಡಗೇ ಇತ್ತು.

ಕಡೆಗೆ ದಾರಿ ಸಿಕ್ಕಿತು. ದುಂಡು ಕಣವನ್ನೇ ಬೀಜವೆಂದು ಇಟ್ಟುಕೊಂಡೆ. ಅದನ್ನು ಮಾಡುವಾಗಲೇ ಒಳಗಿನ ಸರಪಳಿಗಳನ್ನು ಒಂದಕ್ಕೊಂದು ಗಂಟು ಹಾಕಿ ಬಲೆಯಂತೆ ಬಿಗಿದೆ. ಆಮೇಲೆ ಅದಕ್ಕೆ ಮತ್ತಷ್ಟು ಸ್ಟೈರೀನ್ ಕುಡಿಸಿ ಉಬ್ಬಿಸಿ, ಬಿಸಿ ಮಾಡಿದೆ. ಬಲೆ ಮುದುಡಿಕೊಂಡು, ಕುಡಿದದ್ದನ್ನು ಒಂದು ಪಕ್ಕಕ್ಕೆ ಹೊರಗೆ ಹಿಂಡಿತು. ಹಿಂಡಿದ್ದು ಅಲ್ಲಿಯೇ ಗಟ್ಟಿಯಾಗಿ ಎರಡನೆಯ ತಲೆಯಾಯಿತು. ಚಿತ್ರ ಫೋನಿಗೆ ಬಂದಾಗ ನಾನು ಮನೆಯಲ್ಲಿದ್ದೆ. ಸುವರ್ಣಾ ಇಣುಕಿ ನೋಡಿ, "ಅಯ್ಯ, ಶೇಂಗಾ!" ಎಂದಳು. ಹೌದು, ಎರಡು ಕಾಳಿನ ಶೇಂಗಾ ಕಾಯಿಯೇ, ನಡುವೆ ಸಣ್ಣ ಸೊಂಟದ ಸಮೇತ. ಅವಳು ತವರಿಗೆ ಫೋನು ಹಚ್ಚಿ, "ಅಪ್ಪಾ, ಇವರ ಮಣಿ ಉದ್ದ ಆದ್ವು!" ಎಂದು ಕೂಗಿದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಪದವಿ ಬಂತು. ಅಷ್ಟರಲ್ಲಿ ಕಾಯಂ ಹುದ್ದೆಯೂ ಬಂತು, ನನಗಲ್ಲ. ಪಿಎಚ್.ಡಿ. ಕಡ್ಡಾಯವೇನಲ್ಲ ಎಂದು ಆಡಳಿತ ಮಂಡಳಿಗೆ ಅದೇ ತಿಂಗಳು ಹೊಳೆದಿತ್ತು. ಹುದ್ದೆಗೆ ಬಂದವರು ಅಧ್ಯಕ್ಷರ ತಂಗಿಯ ಮಗ, ಮಹಾಂತೇಶ. ಅವರ ಸ್ವಾಗತ, ನನ್ನ ಸನ್ಮಾನ, ಎರಡನ್ನೂ ಒಂದೇ ಪೆಂಡಾಲಿನಲ್ಲಿ ಮುಗಿಸಿದರು. ಅಧ್ಯಕ್ಷರು ನನಗೆ ಶಾಲು ಹೊದಿಸಿ ಮೈಕು ಹಿಡಿದರು. "ನಮ್ಮ ಸರ್ ಶೇಂಗಾದ ಮ್ಯಾಲ ಸಂಶೋಧನಾ ಮಾಡ್ಯಾರ. ಇದರಿಂದ ನಮ್ಮ ಭಾಗದ ರೈತರಿಗೆ ಭಾಳ ಅನುಕೂಲ ಆಗತೈತಿ!" ಚಪ್ಪಾಳೆ ಬಿತ್ತು. ತಿದ್ದೋಣವೆಂದು ಎದ್ದೆ, ಫೋಟೋದವನು, "ಅಲ್ಲೇ ನಿಂದರ್ರಿ ಸರ್" ಎಂದ. ನಿಂತೆ. ಮನೆಗೆ ಬಂದ ಮೇಲೆ ಸುವರ್ಣಾ ಶಾಲನ್ನು ಮಡಿಚಿಡುತ್ತ, "ಶಾಲು ಛಲೋ ಐತಿ" ಎಂದಳು. ಮರಾಠಿಯಲ್ಲಿ ಬೈದಿದ್ದರೆ ಹಗುರಾಗುತ್ತಿತ್ತು.

ವಾರ ಕಳೆದಿರಬೇಕು, ಮಧ್ಯಾಹ್ನ ಮಹಾಂತೇಶ ಸರ್ ಪ್ರಯೋಗಾಲಯಕ್ಕೆ ಬಂದರು. ಈಗ ಅವರೇ ವಿಭಾಗದ ಮುಖ್ಯಸ್ಥರು. ಮುಂದಿನ ವರ್ಷ ನಾನು ಇರಬೇಕೋ ಬೇಡವೋ ಎಂಬುದಕ್ಕೆ ಅವರದೇ ಸಹಿ. ಬಂದವರಿಗೆ ಚುಚ್ಚಿ ಆಡಬೇಕೆಂದು ಎರಡು ಮಾತು ತಯಾರು ಮಾಡಿಟ್ಟುಕೊಂಡಿದ್ದೆ. ಅವರು ಸ್ಟೂಲು ಎಳೆದುಕೊಂಡು ಕೂತು, "ಸರ್, ಆ ಎರಡನೇ ತಲಿ ಹೆಂಗ ಬರತೈತ್ರಿ? ನನಗ ತಿಳಿಯಂಗ ಒಮ್ಮೆ ಹೇಳ್ರಲ್ಲಾ" ಎಂದರು.

ಇಷ್ಟು ವರ್ಷಗಳಲ್ಲಿ ಕಾಲೇಜಿನಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ತಯಾರಿಸಿಟ್ಟ ಮಾತು ಎಲ್ಲಿ ಹೋಯಿತೋ, ನಾನು ಹಲಗೆಯ ತುಂಬ ಬಲೆ ಬರೆದೆ, ಅದು ಮುದುಡುವುದನ್ನು ಕೈಯಾಡಿಸಿ ತೋರಿಸಿದೆ, ತಪ್ಪಿದ್ದೆಲ್ಲಿ, ತಿದ್ದಿದ್ದು ಹೇಗೆ ಎಲ್ಲ ಹೇಳಿದೆ. ಚಹಾ ಆರಿತು. ಸಂಜೆಯ ಬಸ್ಸು ಹೋಯಿತು. ಅವರು ಕೊನೆಯವರೆಗೂ ತಲೆಯಾಡಿಸಿ ಕೇಳಿ, "ಭಾರೀ ಐತ್ರಿ ಸರ್. ಹಂಗಾದ್ರ ನೀವ ಇನ್ನೊಮ್ಮೆ ಮಾಡಿಬಿಡ್ರಿ, ಪೇಪರಿಗೆ ನನ್ನ ಹೆಸರು ಮುಂದ ಹಾಕಿದ್ರಾತು" ಎಂದರು.

ನಾನು ಎದ್ದು ಹೋಗಿ, ಮತ್ತೆ ಬೀಜದ ಕಣ ಮಾಡಲೆಂದು ಫ್ಲಾಸ್ಕಿನಲ್ಲಿ ನೀರು ಬಿಸಿಗಿಟ್ಟೆ.